ಎರಡು ಮೊಡೆಮ್ ಇದ್ದರೂ ನೆಟ್ ಹೋಗುವುದೇಕೆ? ಬ್ಯಾಕಪ್‌ಗೆ ಯಾವ ದಾರಿ ಯಾರಿಗೆ

ಕಳೆದ ವರ್ಷ ಆಷಾಢದ ಮಳೆ. ಮಧ್ಯಾಹ್ನ ಮೂರು ಗಂಟೆ, ಆಫೀಸಿನ ಮೀಟಿಂಗ್‌ನಲ್ಲಿ ನಾನೇ ಮಾತಾಡುತ್ತಿದ್ದೆ. ನಮ್ಮ ಮನೆ ಸಾಗರದಿಂದ ಸ್ವಲ್ಪ ಒಳಗೆ, ತೋಟದ ಪಕ್ಕ. ಎಲ್ಲೋ ಒಂದು ಮರ ಫೈಬರ್ ಲೈನಿನ ಮೇಲೆ ಬಿತ್ತು. ಗೋಡೆಯ ಮೇಲಿದ್ದ ಫೈಬರ್ ಮೊಡೆಮ್‌ನಲ್ಲಿ ಎಲ್‌ಓಎಸ್ ಅಂತ ಬರೆದಿರುವ ಲೈಟ್ ಕೆಂಪಗೆ ಮಿಟುಕತೊಡಗಿತು. ನನಗೆ ಗಾಬರಿ ಆಗಲಿಲ್ಲ. ಅದರ ಪಕ್ಕದಲ್ಲೇ ಸಿಮ್ ಹಾಕಿದ 4ಜಿ ಮೊಡೆಮ್ ಇತ್ತು, ಎರಡನ್ನೂ ಒಂದು ರೌಟರ್‌ಗೆ ಸೇರಿಸಿ ಫೇಲ್‌ಓವರ್ (ಒಂದು ಹೋದರೆ ಇನ್ನೊಂದಕ್ಕೆ ತಾನೇ ಬದಲಾಗುವುದು) ಅಂತ ಟಿಕ್ ಹಾಕಿ ಎಂಟು ತಿಂಗಳಾಗಿತ್ತು. ಕಾದೆ. ಒಂದು ನಿಮಿಷ, ಎರಡು ನಿಮಿಷ, ಐದು ನಿಮಿಷ. ರೌಟರ್ ಏನೂ ಆಗಿಲ್ಲವೆಂಬಂತೆ ಹಸಿರು ಲೈಟ್ ಹಾಕಿಕೊಂಡು ಕೂತಿತ್ತು. ಕೊನೆಗೆ ಫೋನಿನ ಹಾಟ್‌ಸ್ಪಾಟ್ ಹಾಕಿ ವಾಪಸ್ ಬಂದೆ. "ನಿಮ್ಮಲ್ಲಿ ಎರಡೆರಡು ಕನೆಕ್ಷನ್ ಇದೆ ಅಂದಿದ್ರಲ್ಲ?" ಅಂತ ಮ್ಯಾನೇಜರ್ ಕೇಳಿದರು. ಏನು ಹೇಳುವುದು?

ಆಮೇಲೆ ಕೂತು ನೋಡಿದಾಗ ತಪ್ಪು ನನ್ನದೇ. ರೌಟರ್ ಪ್ರತಿ ಹತ್ತು ಸೆಕೆಂಡಿಗೊಮ್ಮೆ 192.168.1.1ಕ್ಕೆ ಪಿಂಗ್ ಮಾಡಿ "ಇದ್ದೀಯಾ?" ಅಂತ ಕೇಳುತ್ತಿತ್ತು. ಆ ವಿಳಾಸ ಯಾರದ್ದು? ಗೋಡೆ ಮೇಲಿದ್ದ ಅದೇ ಮೊಡೆಮ್‌ನದ್ದು. ಫೈಬರ್ ತುಂಡಾದರೂ ಮೊಡೆಮ್‌ಗೆ ಕರೆಂಟ್ ಇತ್ತಲ್ಲ, ಅದು ಪ್ರತಿ ಸಲವೂ "ಇದ್ದೀನಿ" ಅಂತ ಉತ್ತರ ಕೊಡುತ್ತಿತ್ತು. ಬಾವಿ ಬತ್ತಿದೆಯೋ ಇಲ್ಲವೋ ಅಂತ ನೋಡೋಕೆ ಕೊಡಪಾನ ಬಡಿದು ನೋಡಿದ ಹಾಗೆ.

ಹಾಗಾಗಿ ಎರಡು ಮೊಡೆಮ್ ಜೋಡಿಸುವ ದಾರಿಗಳನ್ನು ಇಲ್ಲಿ ಹೋಲಿಸುವಾಗ ವೇಗ, ಬೆಲೆ ಇವೆಲ್ಲ ಆಮೇಲೆ. ಮೊದಲು ಒಂದೇ ಪ್ರಶ್ನೆ: ಮೊದಲನೇ ಲೈನ್ ಸತ್ತಿದೆ ಅಂತ ತೀರ್ಮಾನ ಮಾಡುವವರು ಯಾರು, ಏನನ್ನು ನೋಡಿ?

ಕೈಯಿಂದಲೇ ಬದಲಿಸುವುದು

ಎರಡು ಮೊಡೆಮ್, ಎರಡು ವೈಫೈ ಹೆಸರು. ಒಂದು ಹೋದರೆ ನೀವೇ ಇನ್ನೊಂದಕ್ಕೆ ಹೋಗುತ್ತೀರಿ. ಖರ್ಚಿಲ್ಲ, ಸೆಟ್ಟಿಂಗ್ ಇಲ್ಲ. ಇದನ್ನು ಕೀಳಾಗಿ ನೋಡಬೇಡಿ. ಲೈನ್ ಸತ್ತಿದೆ ಅಂತ ಕಂಡುಹಿಡಿಯುವುದರಲ್ಲಿ ಮನುಷ್ಯನಷ್ಟು ನಿಖರ ಯಾವ ರೌಟರೂ ಇಲ್ಲ. ಮನೆಯಲ್ಲಿ ಒಬ್ಬರೇ ಲ್ಯಾಪ್‌ಟಾಪ್ ಇಟ್ಟುಕೊಂಡು ಕೆಲಸ ಮಾಡುವವರು, ತಿಂಗಳಿಗೆ ಒಂದೋ ಎರಡೋ ಸಲ ನೆಟ್ ಹೋಗುವ ಜಾಗ ಅಂದರೆ ಇಷ್ಟೇ ಸಾಕು, ಮುಂದಿನದನ್ನು ಓದದಿದ್ದರೂ ನಡೆಯುತ್ತದೆ.

ಒಂದೇ ಒಂದು ಕಿತಾಪತಿ ಮಾಡಬೇಡಿ. ಎರಡು ಮೊಡೆಮ್‌ಗೂ ಒಂದೇ ವೈಫೈ ಹೆಸರು, ಒಂದೇ ಪಾಸ್‌ವರ್ಡ್ ಕೊಟ್ಟರೆ ಫೋನ್ ತಾನಾಗೇ ಬದಲಾಗುತ್ತದೆ ಅಂತ ತುಂಬ ಜನ ನಂಬಿದ್ದಾರೆ. ಆಗುವುದಿಲ್ಲ. ಫೋನ್ ಮುಖ್ಯವಾಗಿ ನೋಡುವುದು ವೈಫೈ ಸಿಗ್ನಲ್ ಗಟ್ಟಿ ಇದೆಯೋ ಇಲ್ಲವೋ ಅಂತ. ಫೈಬರ್ ತುಂಡಾದ ಮೊಡೆಮ್‌ನ ವೈಫೈ ಸಿಗ್ನಲ್‌ಗೆ ಏನಾಗಿರುತ್ತದೆ? ಏನೂ ಇಲ್ಲ, ಫುಲ್ ಕಡ್ಡಿ. ಈಗ ಯಾವ ಮೊಡೆಮ್‌ನಲ್ಲಿದ್ದೇನೆ ಅನ್ನುವುದೂ ನಿಮಗೆ ಗೊತ್ತಾಗುವುದಿಲ್ಲ. ಇದ್ದ ಅನುಕೂಲವೂ ಹೋಯಿತು.

ಅಂಗಡಿ, ಕ್ಲಿನಿಕ್, ಮಂಡಿಗೆ ಈ ದಾರಿ ಬೇಡ. ಬಿಲ್ಲಿಂಗ್ ಕಂಪ್ಯೂಟರ್, ಕಾರ್ಡ್ ಮಷೀನ್, ಸಿಸಿಟಿವಿ ಎಲ್ಲ ಒಂದೊಂದು ಕಡೆ ಕಚ್ಚಿಕೊಂಡಿರುತ್ತವೆ. ಗಿರಾಕಿ ಎದುರು ನಿಂತಿರುವಾಗ ಒಂದೊಂದನ್ನೇ ಬದಲಿಸುತ್ತಾ ಕೂರೋಕಾಗುತ್ತಾ?

ಎರಡು ವ್ಯಾನ್ ಇರುವ ಒಂದು ರೌಟರ್: ಒಂದು ಓಡುತ್ತದೆ, ಒಂದು ಕಾಯುತ್ತದೆ

ಹೆಚ್ಚಿನವರಿಗೆ ನಾನು ಹೇಳುವುದು ಇದನ್ನೇ, ಅದಕ್ಕೇ ಇಲ್ಲಿ ಸ್ವಲ್ಪ ಜಾಸ್ತಿ ಬರೆಯುತ್ತೇನೆ. ಟಿಪಿ-ಲಿಂಕ್‌ನ ಇಆರ್605, ಮೈಕ್ರೋಟಿಕ್‌ನ ಹೆಕ್ಸ್, ಅಥವಾ ಓಪನ್‌ಡಬ್ಲ್ಯುಆರ್‌ಟಿ ಅನ್ನುವ ರೌಟರ್ ಸಾಫ್ಟ್‌ವೇರ್ ಹಾಕಿದ ಯಾವುದಾದರೂ ರೌಟರ್ ಈ ಕೆಲಸ ಮಾಡುತ್ತದೆ. ಎರಡೂ ಮೊಡೆಮ್‌ನಿಂದ ಒಂದೊಂದು ಲ್ಯಾನ್ ವೈರ್ ರೌಟರ್‌ನ ಎರಡು ವ್ಯಾನ್ ಪೋರ್ಟ್‌ಗೆ (ಹೊರಗಿನ ನೆಟ್ ಒಳಗೆ ಬರುವ ಪೋರ್ಟ್). ಮನೆಯ ಎಲ್ಲ ಸಾಮಾನು ಈ ರೌಟರ್‌ಗೆ ಮಾತ್ರ. ಮೊಡೆಮ್‌ಗಳ ವೈಫೈ ಆಫ್ ಮಾಡಿಬಿಡಿ, ಇಲ್ಲದಿದ್ದರೆ ಮನೆಯಲ್ಲಿ ಯಾರಾದರೂ ಒಬ್ಬರು ಅದಕ್ಕೇ ಹೋಗಿ ಸೇರಿಕೊಂಡು "ನೆಟ್ ಬರ್ತಿಲ್ಲ" ಅನ್ನುತ್ತಾರೆ.

ಸೆಟ್ಟಿಂಗ್‌ಗೆ ಹೋಗುವ ಮೊದಲು ಒಂದು ಚಿಕ್ಕ ವಿಷಯ. ತುಂಬ ಮೊಡೆಮ್‌ಗಳು ಕಂಪನಿಯಿಂದ ಬರುವಾಗಲೇ 192.168.1.1 ಅಂತ ಬಂದಿರುತ್ತವೆ. ಎರಡಕ್ಕೂ ಅದೇ ವಿಳಾಸ ಇದ್ದರೆ ರೌಟರ್‌ಗೆ ಯಾವ ಕಡೆ ಕಳಿಸಬೇಕು ಅಂತ ತಿಳಿಯುವುದಿಲ್ಲ. ಒಂದನ್ನು 192.168.11.1, ಇನ್ನೊಂದನ್ನು 192.168.12.1 ಅಂತ ಮಾಡಿಕೊಂಡು, ನಿಮ್ಮ ರೌಟರ್‌ನ ಮನೆ ಕಡೆಯ ವಿಳಾಸವನ್ನು ಬೇರೆಯೇ ಇಡಿ. ಈ ಒಂದು ಕಾರಣಕ್ಕೆ ಇಡೀ ಭಾನುವಾರ ಹಾಳು ಮಾಡಿಕೊಂಡವರನ್ನು ನಾನು ಕಂಡಿದ್ದೇನೆ.

ಈಗ ಮುಖ್ಯ ವಿಷಯ, ತಪಾಸಣೆ. ಸುಮಾರು ರೌಟರ್‌ಗಳು ಮೂರರಲ್ಲಿ ಒಂದನ್ನು ನೋಡುತ್ತವೆ. ಒಂದು, ಪೋರ್ಟ್‌ನಲ್ಲಿ ಲೈಟ್ ಇದೆಯಾ ಅಂತ. ಇದು ಪೂರ್ತಿ ನಿರುಪಯೋಗಿ, ಮೊಡೆಮ್‌ಗೆ ಕರೆಂಟ್ ಇದ್ದರೆ ಲೈಟ್ ಇರುತ್ತದೆ. ಎರಡು, ಗೇಟ್‌ವೇ (ರೌಟರ್‌ನಿಂದ ಹೊರಗೆ ಹೋಗುವಾಗ ಸಿಗುವ ಮೊದಲ ಸಾಧನ) ಪಿಂಗ್‌ಗೆ ಉತ್ತರ ಕೊಡುತ್ತದಾ ಅಂತ. ನಾನು ಬಿದ್ದ ಹಳ್ಳ ಇದೇ. ಮೈಕ್ರೋಟಿಕ್‌ನಲ್ಲಿ ಚೆಕ್-ಗೇಟ್‌ವೇ ಅಂತ ಹಾಕಿದರೆ ಹತ್ತು ಸೆಕೆಂಡಿಗೊಮ್ಮೆ ಕೇಳಿ, ಎರಡು ಸಲ ಉತ್ತರ ಬರದಿದ್ದರೆ ಆ ದಾರಿ ಬಿಡುತ್ತದೆ. ಕೇಳಲು ಚೆನ್ನಾಗಿದೆ, ಆದರೆ ಗೇಟ್‌ವೇ ಅಂದರೆ ನಿಮ್ಮ ಮೊಡೆಮ್ಮೇ ಆಗಿದ್ದರೆ ಅದು ಯಾವತ್ತೂ ಬಿಡುವುದಿಲ್ಲ. ಮೂರನೆಯದು, ಮೊಡೆಮ್ ದಾಟಿ ಹೊರಗಿನ ಒಂದು ವಿಳಾಸಕ್ಕೆ ಕೇಳುವುದು. ಬೇಕಾದ್ದು ಇದು.

ಹೊರಗಿನ ವಿಳಾಸ ಅಂದರೆ ಸಾಮಾನ್ಯವಾಗಿ ಗೂಗಲ್‌ನ 8.8.8.8, ಕ್ಲೌಡ್‌ಫ್ಲೇರ್‌ನ 1.1.1.1. ಎರಡನ್ನೂ ಹಾಕಿ. ಎರಡೂ ಉತ್ತರ ಕೊಡದಿದ್ದರೆ ಮಾತ್ರ ಲೈನ್ ಸತ್ತಿದೆ ಅನ್ನಬೇಕು. ಒಂದೇ ಹಾಕಿದರೆ, ಆ ಒಂದಕ್ಕೆ ನೆಗಡಿ ಆದರೂ ನಿಮ್ಮ ಚೆನ್ನಾಗಿರುವ ಫೈಬರ್ ಬಿಟ್ಟು ಸಿಮ್‌ಗೆ ಓಡುತ್ತದೆ. ಇನ್ನೊಂದು, ಫೈಬರ್ ಪರೀಕ್ಷೆಯ ಪಿಂಗ್ ಫೈಬರ್ ಪೋರ್ಟ್‌ನಿಂದಲೇ ಹೋಗಬೇಕು. ಓಪನ್‌ಡಬ್ಲ್ಯುಆರ್‌ಟಿಯ ಎಂವ್ಯಾನ್3 ಇದನ್ನು ತಾನೇ ನೋಡಿಕೊಳ್ಳುತ್ತದೆ. ಮೈಕ್ರೋಟಿಕ್‌ನಲ್ಲಿ ಆ ವಿಳಾಸಕ್ಕೆ ಪ್ರತ್ಯೇಕ ರೂಟ್ (ದಾರಿ) ಬರೆದು, ಡೀಫಾಲ್ಟ್ ರೂಟ್ (ಉಳಿದೆಲ್ಲ ಡೇಟಾ ಹೋಗುವ ದಾರಿ) ಅದರ ಮೇಲೆ ನಿಲ್ಲುವ ಹಾಗೆ ಮಾಡಬೇಕು. ರಿಕರ್ಸಿವ್ ರೂಟ್ ಅಂತಾರೆ, ಮೊದಲ ಸಲ ತಲೆ ಕೆಡುತ್ತದೆ, ಎರಡನೇ ಸಲ ಸರಿ ಹೋಗುತ್ತದೆ. ಇಆರ್605 ಥರದವುಗಳಲ್ಲಿ ಆನ್‌ಲೈನ್ ಡಿಟೆಕ್ಷನ್ ಅನ್ನುವ ಪುಟದಲ್ಲಿ ವಿಳಾಸ ತುಂಬಿದರೆ ಆಯಿತು.

ಎಷ್ಟು ಬೇಗ ಬದಲಾಗಬೇಕು? ಐದು ಸೆಕೆಂಡಿಗೊಂದು ಪಿಂಗ್, ಮೂರು ಸಲ ತಪ್ಪಿದರೆ ಬದಲು ಅಂತ ನಾನು ಇಟ್ಟಿದ್ದೇನೆ. ಅಂದರೆ ಸುಮಾರು 15 ಸೆಕೆಂಡ್. ಇನ್ನೂ ಬೇಗ ಬೇಕು ಅಂತ ಒಂದು ಸೆಕೆಂಡಿಗೆ ಇಳಿಸಿದರೆ, ಯಾರಾದರೂ ದೊಡ್ಡ ಫೈಲ್ ಅಪ್‌ಲೋಡ್ ಮಾಡಿ ಪಿಂಗ್ ತಡವಾದಾಗಲೂ ಲೈನ್ ಬದಲಾಗುತ್ತದೆ. ವಾಪಸ್ ಬರುವಾಗ ಮಾತ್ರ ಆತುರ ಬೇಡವೇ ಬೇಡ. ಮಳೆಗಾಲದಲ್ಲಿ ಫೈಬರ್ ಬರುತ್ತದೆ, ಹೋಗುತ್ತದೆ, ಮತ್ತೆ ಬರುತ್ತದೆ. ಬಂದ ಕೂಡಲೇ ಹಾರಿದರೆ ಹೊತ್ತಿಗೆ ಹತ್ತು ಸಲ ಕಾಲ್ ಕಟ್ ಆಗುತ್ತದೆ. ಮೂರು ನಾಲ್ಕು ನಿಮಿಷ ಸತತವಾಗಿ ಚೆನ್ನಾಗಿದ್ದರೆ ಮಾತ್ರ ವಾಪಸ್ ಹೋಗಲಿ.

ಸಿಮ್ ಕಡೆಯನ್ನೂ ಪಿಂಗ್ ಮಾಡುತ್ತಲೇ ಇರಿ. ಡೇಟಾ ಖರ್ಚಾಗುತ್ತದಲ್ಲ ಅಂತೀರಾ? ಲೆಕ್ಕ ಹಾಕಿ. ಐದು ಸೆಕೆಂಡಿಗೊಂದು ಅಂದರೆ ದಿನಕ್ಕೆ 17,280 ಸಲ, ಪ್ರತಿ ಸಲ ಹೋಗೋಕೆ 84 ಬೈಟ್, ಬರೋಕೆ 84 ಬೈಟ್. ದಿನಕ್ಕೆ ಒಂದು ವಿಳಾಸಕ್ಕೆ 2.9 ಎಂಬಿ. ಇಷ್ಟಕ್ಕೆ ಜಿಪುಣತನ ಮಾಡಬೇಡಿ.

ಮೊಡೆಮ್ ಅನ್ನು ಬ್ರಿಡ್ಜ್ ಮೋಡ್‌ಗೆ (ಅದು ಬರೀ ಸಿಗ್ನಲ್ ದಾಟಿಸುವ ಹಾಗೆ) ಹಾಕಿ, ಪಿಪಿಪಿಒಇ (ಫೈಬರ್ ಕಂಪನಿಗೆ ಲಾಗಿನ್ ಆಗುವ ವಿಧಾನ) ಯೂಸರ್ ನೇಮ್, ಪಾಸ್‌ವರ್ಡ್ ಅನ್ನು ನಿಮ್ಮ ರೌಟರ್‌ನಲ್ಲೇ ಹಾಕಿಕೊಳ್ಳಲು ಆದರೆ ಇನ್ನೂ ಒಳ್ಳೆಯದು. ಪಿಪಿಪಿಒಇಗೆ ತನ್ನದೇ ಒಂದು ನಾಡಿಬಡಿತ ಇದೆ. ಫೈಬರ್ ಹೋದರೆ ಆ ಸಂಪರ್ಕ ತಾನಾಗೇ ಬೀಳುತ್ತದೆ, ರೌಟರ್‌ಗೆ ಗೊತ್ತಾಗುತ್ತದೆ. ಆದರೂ ಪಿಂಗ್ ಬಿಡಬೇಡಿ, ಕಂಪನಿಯ ಒಳಗೇ ಎಲ್ಲೋ ಕೆಟ್ಟರೆ ಪಿಪಿಪಿಒಇ ಬದುಕಿರುತ್ತದೆ, ನೆಟ್ ಇರುವುದಿಲ್ಲ. ಬ್ರಿಡ್ಜ್ ಮಾಡಿಸಿಕೊಳ್ಳೋದು ಕನೆಕ್ಷನ್ ಕೊಡುವ ಹುಡುಗನ ಮನಸ್ಸಿನ ಮೇಲೆ ನಿಂತಿದೆ. ಬಂದಾಗ ಒಂದು ಕಾಫಿ ಕೊಟ್ಟು ಕೇಳಿ.

ಡಿಎನ್ಎಸ್, ಅಂದರೆ ವೆಬ್‌ಸೈಟ್ ಹೆಸರಿಗೆ ಐಪಿ ವಿಳಾಸ ಹುಡುಕಿಕೊಡುವ ಸರ್ವರ್, ಮರೆಯಬೇಡಿ. ಎಷ್ಟೋ ಕಂಪನಿಗಳ ಡಿಎನ್ಎಸ್ ತಮ್ಮ ಗಿರಾಕಿಗಳಿಗೆ ಮಾತ್ರ ಉತ್ತರಿಸುತ್ತದೆ. ಫೈಬರ್‌ನವರ ಡಿಎನ್ಎಸ್ ಇಟ್ಟುಕೊಂಡು ಸಿಮ್‌ಗೆ ಹೋದರೆ ಪಿಂಗ್ ಹೋಗುತ್ತದೆ, ವೆಬ್‌ಸೈಟ್ ತೆರೆಯುವುದಿಲ್ಲ. ಎರಡೂ ಕಡೆ ನಡೆಯುವ ಡಿಎನ್ಎಸ್ ಹಾಕಿ.

ಈ ದಾರಿಯ ಮಿತಿಯೂ ಹೇಳಿಬಿಡುತ್ತೇನೆ. ಬದಲಾದಾಗ ಹೊರಗೆ ಕಾಣುವ ಐಪಿ ವಿಳಾಸ ಬದಲಾಗುತ್ತದೆ, ಆಗ ನಡೆಯುತ್ತಿದ್ದ ಸಂಪರ್ಕಗಳೆಲ್ಲ ಕಡಿಯುತ್ತವೆ. ವಿಡಿಯೋ ಕಾಲ್ ಕೆಲವು ಸೆಕೆಂಡ್ ನಿಂತು ಮತ್ತೆ ಸೇರಿಕೊಳ್ಳುತ್ತದೆ, ಡೌನ್‌ಲೋಡ್ ನಿಲ್ಲಬಹುದು. ಆಫೀಸಿನ ವಿಪಿಎನ್ (ಆಫೀಸಿನ ನೆಟ್‌ವರ್ಕ್‌ಗೆ ಹೋಗುವ ಗುಪ್ತ ಸುರಂಗ) ವೈರ್‌ಗಾರ್ಡ್ ಅನ್ನುವ ಬಗೆಯದ್ದಾಗಿದ್ದರೆ ಅದು ಹೊಸ ವಿಳಾಸದಿಂದ ತಾನೇ ಮುಂದುವರಿಯುತ್ತದೆ. ಐಕೆಇವಿ2 ಅನ್ನುವ ಬಗೆಯದ್ದಾಗಿದ್ದರೆ, ಐಪಿ ಬದಲಾದರೂ ಸಂಪರ್ಕ ಉಳಿಸುವ ಮೊಬೈಕ್ ಅನ್ನುವ ಸೌಲಭ್ಯ ಎರಡೂ ಕಡೆ ಆನ್ ಇರಬೇಕು.

ಲೋಡ್ ಬ್ಯಾಲೆನ್ಸ್: ಎರಡೂ ಒಟ್ಟಿಗೆ ದುಡಿಯಲಿ

"ಎರಡಕ್ಕೂ ದುಡ್ಡು ಕೊಡ್ತೀನಿ, ಒಂದು ಯಾಕೆ ಸುಮ್ನೆ ಕೂತಿರಬೇಕು?" ಇದು ಎಲ್ಲರೂ ಕೇಳುವ ಪ್ರಶ್ನೆ, ನ್ಯಾಯವಾದ ಪ್ರಶ್ನೆ ಕೂಡ. ಅದೇ ರೌಟರ್‌ನಲ್ಲೇ ಒಂದು ಟಿಕ್ ಹಾಕಿದರೆ ಸಂಪರ್ಕಗಳನ್ನು ಎರಡೂ ಲೈನ್‌ಗೆ ಹಂಚುತ್ತದೆ. ಆದರೆ 100 ಎಂಬಿಪಿಎಸ್ ಮತ್ತು 50 ಎಂಬಿಪಿಎಸ್ ಸೇರಿ ನಿಮ್ಮ ಒಂದು ಡೌನ್‌ಲೋಡ್ 150ರಲ್ಲಿ ಬರುತ್ತದೆ ಅಂದುಕೊಳ್ಳಬೇಡಿ. ಒಂದು ಸಂಪರ್ಕ ಒಂದೇ ಲೈನಿನಲ್ಲಿ ಹೋಗುತ್ತದೆ. ಹತ್ತು ಜನ ಇರುವ ಆಫೀಸಿನಲ್ಲಿ ಇದರ ಲಾಭ ಕಾಣುತ್ತದೆ, ಇಬ್ಬರ ಮನೆಯಲ್ಲಿ ಕಾಣುವುದಿಲ್ಲ.

ಬ್ಯಾಂಕಿನ ಸೈಟ್‌ಗಳು ಇದಕ್ಕೆ ಶತ್ರು. ಲಾಗಿನ್ ಒಂದು ಐಪಿಯಿಂದ, ಮುಂದಿನ ಕ್ಲಿಕ್ ಇನ್ನೊಂದರಿಂದ ಹೋದರೆ ಕೆಲವು ಸೈಟ್‌ಗಳು ಸೆಷನ್ ಮುಗಿದಿದೆ ಅಂತ ಹೊರಗೆ ದಬ್ಬುತ್ತವೆ. ಒಂದು ಕಂಪ್ಯೂಟರ್ ಒಂದೇ ಲೈನಿಗೆ ಅಂಟಿಕೊಂಡಿರುವ ಹಾಗೆ ಸ್ಟಿಕಿ ಸೆಟ್ಟಿಂಗ್ ಹಾಕಲೇಬೇಕು. ಇಲ್ಲೂ ತಪಾಸಣೆ ತಪ್ಪಿದರೆ ಫಲ ಇನ್ನೂ ವಿಚಿತ್ರ: ಒಂದು ಲೈನ್ ಸತ್ತಿರುತ್ತದೆ, ರೌಟರ್‌ಗೆ ಗೊತ್ತಿರುವುದಿಲ್ಲ, ಅರ್ಧ ಸೈಟ್ ತೆರೆಯುತ್ತವೆ, ಅರ್ಧ ತೆರೆಯುವುದಿಲ್ಲ. ನನ್ನ ಗೆಳೆಯನ ಔಷಧಿ ಅಂಗಡಿಯಲ್ಲಿ ಎರಡು ದಿನ ಹೀಗೇ ಆಗಿ, ಕಂಪ್ಯೂಟರ್‌ಗೆ ವೈರಸ್ ಬಂದಿದೆ ಅಂತ ಫಾರ್ಮ್ಯಾಟ್ ಕೂಡ ಮಾಡಿಸಿದ್ದ. ಪಾಪ.

ಎರಡನೇ ಲೈನ್ ಸಿಮ್ ಆಗಿದ್ದರೆ ಲೋಡ್ ಬ್ಯಾಲೆನ್ಸ್ ಬೇಡ. ದಿನದ ಡೇಟಾ ಕೋಟಾ ವಿಂಡೋಸ್ ಅಪ್‌ಡೇಟ್‌ಗೇ ಮುಗಿದು, ಸಂಜೆ ಫೈಬರ್ ಹೋದಾಗ ಬ್ಯಾಕಪ್ ತೆವಳುತ್ತದೆ.

ಎರಡು ಮೊಡೆಮ್, ಎರಡು ರೌಟರ್: ವಿಆರ್‌ಆರ್‌ಪಿ

ಮೇಲಿನ ಎರಡರಲ್ಲೂ ರೌಟರ್ ಒಂದೇ. ಅದೇ ಸುಟ್ಟುಹೋದರೆ? ನಮ್ಮ ಕಡೆ ಸಿಡಿಲಿಗೆ ಇದು ಆಗದ ಮಾತೇನಲ್ಲ. ದೊಡ್ಡ ಆಫೀಸುಗಳಲ್ಲಿ ಮೊಡೆಮ್‌ಗೊಂದು ರೌಟರ್ ಇಟ್ಟು ಎರಡನ್ನೂ ಜೋಡಿ ಮಾಡುತ್ತಾರೆ. 1998ರಿಂದಲೂ ಇರುವ ವಿಆರ್‌ಆರ್‌ಪಿ ಮಾಡುವುದು ಇದನ್ನೇ. ಸಿಸ್ಕೋದವರದ್ದು ಎಚ್‌ಎಸ್‌ಆರ್‌ಪಿ, ಉದ್ದೇಶ ಒಂದೇ. ಎರಡೂ ರೌಟರ್ ಸೇರಿ ಒಂದು ಸುಳ್ಳು ವಿಳಾಸ ಹಂಚಿಕೊಳ್ಳುತ್ತವೆ. ಕಂಪ್ಯೂಟರ್‌ಗಳಿಗೆಲ್ಲ ಅದೇ ಗೇಟ್‌ವೇ. ಯಜಮಾನ ರೌಟರ್ ಸೆಕೆಂಡಿಗೊಮ್ಮೆ "ನಾನಿದ್ದೀನಿ" ಅಂತ ಕೂಗುತ್ತಿರುತ್ತದೆ. ಕೂಗು ನಿಂತು ಸುಮಾರು 3.6 ಸೆಕೆಂಡ್ ಆದರೆ (ಯಾರು ಯಜಮಾನ ಅಂತ ತೀರ್ಮಾನಿಸುವ ಆದ್ಯತೆಯ ಸಂಖ್ಯೆ ಡೀಫಾಲ್ಟ್ 100 ಇದ್ದಾಗಿನ ಲೆಕ್ಕ) ಇನ್ನೊಂದು ಯಜಮಾನಿಕೆ ತೆಗೆದುಕೊಳ್ಳುತ್ತದೆ.

ಇಲ್ಲೂ ಅದೇ ಹಳ್ಳ ಇದೆ, ನೋಡಿ. ವಿಆರ್‌ಆರ್‌ಪಿ ಕೇಳಿಸಿಕೊಳ್ಳುವುದು ಮನೆಯೊಳಗಿನ ಕೂಗನ್ನು ಮಾತ್ರ. ಯಜಮಾನ ರೌಟರ್ ಗಟ್ಟಿಮುಟ್ಟಾಗಿದ್ದು ಅದರ ಹಿಂದಿನ ಫೈಬರ್ ತುಂಡಾಗಿದ್ದರೆ ಅದು ಕೂಗುತ್ತಲೇ ಇರುತ್ತದೆ, ನೆಟ್ ಇಲ್ಲದ ಯಜಮಾನ. ಹೊರಗಿನ ವಿಳಾಸ ಪಿಂಗ್ ಆಗದಿದ್ದರೆ ಆದ್ಯತೆ ಇಳಿಸುವ ಟ್ರ್ಯಾಕಿಂಗ್ ಹಾಕಬೇಕು. ಲಿನಕ್ಸ್‌ನ ಕೀಪ್‌ಅಲೈವ್‌ಡಿಯಲ್ಲಿ ಇದಕ್ಕೆ ಟ್ರ್ಯಾಕ್ ಸ್ಕ್ರಿಪ್ಟ್ ಬರೆಯುತ್ತಾರೆ. ಎಷ್ಟು ಇಳಿಸಬೇಕು ಅಂದರೆ ಇನ್ನೊಂದಕ್ಕಿಂತ ಕೆಳಗೆ ಹೋಗುವಷ್ಟು. 150 ಮತ್ತು 100 ಇಟ್ಟು, ಸತ್ತಾಗ 30 ಇಳಿಸಿದರೆ 120 ಆಗುತ್ತದೆ, ಇನ್ನೂ ಅದೇ ಯಜಮಾನ! ಈ ತಪ್ಪು ನಗು ತರಿಸುತ್ತದೆ, ಆದರೆ ತುಂಬ ಕಡೆ ಇದೆ. ಡಿಎಚ್‌ಸಿಪಿಯನ್ನೂ (ಕಂಪ್ಯೂಟರ್‌ಗಳಿಗೆ ಐಪಿ ವಿಳಾಸ ಹಂಚುವ ಕೆಲಸ) ಎರಡೂ ರೌಟರ್ ತಮಗೆ ತೋಚಿದ ಹಾಗೆ ಕೊಡದೆ, ಬೇರೆ ಬೇರೆ ವಿಳಾಸದ ಸಾಲು, ಆದರೆ ಗೇಟ್‌ವೇ ಮಾತ್ರ ಆ ಸುಳ್ಳು ವಿಳಾಸ, ಅಂತ ಇಡಬೇಕು.

ಮನೆಗೆ ಇದು ಅತಿಯಾಯಿತು. ಬಾಕ್ಸ್ ಎರಡು, ಸೆಟ್ಟಿಂಗ್ ಎರಡು, ಕೆಡುವ ಜಾಗವೂ ಎರಡರಷ್ಟು. ಅದರ ಬದಲು ಒಂದು ಹಳೇ ರೌಟರ್‌ಗೆ ಇದೇ ಸೆಟ್ಟಿಂಗ್ ಹಾಕಿ ಬೀರುವಿನಲ್ಲಿ ಇಟ್ಟಿರಿ, ಸುಟ್ಟ ದಿನ ವೈರ್ ಬದಲಿಸಿ. ಆಸ್ಪತ್ರೆ, ಕಾಲ್ ಸೆಂಟರ್, ರಾತ್ರಿಯಲ್ಲೂ ಯಾರೂ ಇಲ್ಲದೇ ನಡೆಯಬೇಕಾದ ಜಾಗ ಇದ್ದರೆ ಮಾತ್ರ ವಿಆರ್‌ಆರ್‌ಪಿ.

ಬಾಂಡಿಂಗ್

ಕಾಲ್ ಕೂಡ ಕಡಿಯಬಾರದು ಅನ್ನುವವರಿಗೆ. ಎರಡೂ ಲೈನಿನ ಡೇಟಾವನ್ನು ದೂರದ ಒಂದು ಸರ್ವರ್‌ಗೆ ಕಳಿಸಿ ಅಲ್ಲಿ ಒಂದಾಗಿಸುತ್ತದೆ. ಹೊರಜಗತ್ತಿಗೆ ಕಾಣುವುದು ಆ ಸರ್ವರ್‌ನ ಐಪಿ, ಆದ್ದರಿಂದ ಒಂದು ಲೈನ್ ಹೋದರೂ ಐಪಿ ಬದಲಾಗುವುದಿಲ್ಲ. ಇಲ್ಲಿ ಮಾತ್ರ ನಿಜವಾಗಿ ಎರಡೂ ವೇಗ ಸೇರುತ್ತವೆ. ದುಡ್ಡು ಕೊಟ್ಟು ತೆಗೆದುಕೊಳ್ಳುವುದಾದರೆ ಸ್ಪೀಡಿಫೈ, ಕೈ ಕೆಸರು ಮಾಡಿಕೊಳ್ಳುವ ಮನಸ್ಸಿದ್ದರೆ ಓಪನ್‌ಎಂಪಿಟಿಸಿಪಿರೌಟರ್ ಜೊತೆಗೆ ಬಾಡಿಗೆಗೆ ಒಂದು ವಿಪಿಎಸ್, ಅಂದರೆ ದೂರದ ಸರ್ವರ್. ಸರ್ವರ್ ಮುಂಬೈನಲ್ಲೋ ಬೆಂಗಳೂರಿನಲ್ಲೋ ಇರಲಿ, ಅಗ್ಗ ಅಂತ ಯುರೋಪಿನಲ್ಲಿ ತೆಗೆದುಕೊಂಡರೆ ಎಲ್ಲವೂ ಅಲ್ಲಿಗೆ ಹೋಗಿ ಬರಬೇಕು. ಯಕ್ಷಗಾನ ಲೈವ್ ಮಾಡುವವರಿಗೆ, ಬಯಲಿನಲ್ಲಿ ಎರಡು ಬೇರೆ ಕಂಪನಿಯ ಸಿಮ್ ಇಟ್ಟುಕೊಂಡು ರಾತ್ರಿಯಿಡೀ ನಡೆಸುವವರಿಗೆ, ಇದು ಕೊಟ್ಟ ಕಾಸಿಗೆ ಮೋಸವಿಲ್ಲ. ಉಳಿದವರಿಗೆ 15 ಸೆಕೆಂಡ್ ತಾಳ್ಮೆ ಅಗ್ಗ.

ಯಾವ ಎರಡು ಮೊಡೆಮ್?

ಪುಸ್ತಕದ ಲೆಕ್ಕ ಹೀಗಿದೆ. 99 ಶೇಕಡಾ ನಡೆಯುವ ಲೈನ್ ವರ್ಷಕ್ಕೆ ಮೂರೂವರೆ ದಿನಕ್ಕಿಂತ ಜಾಸ್ತಿ ಸತ್ತಿರುತ್ತದೆ. ಅಂಥ ಎರಡು ಸೇರಿದರೆ ಎರಡೂ ಒಟ್ಟಿಗೆ ಸಾಯುವುದು ವರ್ಷಕ್ಕೆ 53 ನಿಮಿಷ ಮಾತ್ರ. ಆದರೆ ಈ ಲೆಕ್ಕ ನಿಲ್ಲುವುದು ಎರಡಕ್ಕೂ ಒಂದಕ್ಕೊಂದು ಸಂಬಂಧ ಇಲ್ಲದಿದ್ದರೆ ಮಾತ್ರ. ಬೆಂಗಳೂರಿನಲ್ಲಿ ನನ್ನ ಅತ್ತೆ ಮಗ ಎರಡು ಬೇರೆ ಕಂಪನಿಯ ಫೈಬರ್ ಹಾಕಿಸಿದ್ದಾನೆ. ಎರಡೂ ವೈರ್ ಒಂದೇ ಕಂಬದಿಂದ, ಒಂದೇ ಕಡೆ ಸುತ್ತಿಟ್ಟ ಸುರುಳಿಯಿಂದ ಅವನ ಮನೆಗೆ ಇಳಿಯುತ್ತವೆ. ಮರದ ಕೊಂಬೆಗೆ ಯಾವ ಕಂಪನಿ ಅಂತ ಗೊತ್ತಾ? ಹೊರಗೆ ಬಂದು ಒಮ್ಮೆ ತಲೆ ಎತ್ತಿ ವೈರ್ ಎಲ್ಲಿಂದ ಬರುತ್ತಿದೆ ನೋಡಿ. ಒಂದೇ ಕಡೆಯಿಂದ ಬರುತ್ತಿದ್ದರೆ ಎರಡನೆಯದು ಗಾಳಿಯಲ್ಲಿ ಬರಲಿ, 4ಜಿ ಅಥವಾ 5ಜಿ.

ಸಿಮ್‌ಗೂ ಒಂದು ಕೊರತೆ ಇದೆ. ಮೊಬೈಲ್ ನೆಟ್‌ವರ್ಕ್‌ನಲ್ಲಿ ಸಾಮಾನ್ಯವಾಗಿ ನಿಮಗೆ ಸ್ವಂತ ಐಪಿವಿ4 ವಿಳಾಸ ಸಿಗುವುದಿಲ್ಲ, ನೂರಾರು ಜನ ಒಂದನ್ನೇ ಹಂಚಿಕೊಂಡಿರುತ್ತಾರೆ. ಮೊಡೆಮ್‌ನ ಪುಟದಲ್ಲಿ 100.64ರಿಂದ 100.127ರೊಳಗಿನ ವಿಳಾಸ ಕಂಡರೆ ಅದೇ ಅರ್ಥ. ಪೋರ್ಟ್ ಫಾರ್ವರ್ಡ್ ಮಾಡಿ ಹೊರಗಿಂದ ಸಿಸಿಟಿವಿ ನೋಡುತ್ತಿದ್ದವರಿಗೆ ಸಿಮ್‌ಗೆ ಬದಲಾದಾಗ ಅದು ಕಾಣುವುದಿಲ್ಲ.

ಕರೆಂಟ್ ಬಗ್ಗೆ ಹೇಳಲೇಬೇಕಿಲ್ಲ ಅಂದುಕೊಂಡಿದ್ದೆ, ಆದರೆ ಎರಡೂ ಮೊಡೆಮ್, ರೌಟರ್ ಎಲ್ಲ ಒಂದೇ ಎಕ್ಸ್‌ಟೆನ್ಷನ್ ಬೋರ್ಡ್‌ಗೆ ಚುಚ್ಚಿದವರು ಎಷ್ಟು ಜನ! ಕೆಲವು ಇನ್ವರ್ಟರ್‌ಗಳು ಬದಲಾಗುವ ಆ ಕ್ಷಣಕ್ಕೇ ಮೊಡೆಮ್ ರೀಸ್ಟಾರ್ಟ್ ಆಗಿಬಿಡುತ್ತದೆ. 12 ವೋಲ್ಟ್‌ನ ಮಿನಿ ಯುಪಿಎಸ್ ಸಿಗುತ್ತದೆ. ತೆಗೆದುಕೊಳ್ಳುವ ಮೊದಲು ನಿಮ್ಮ ಅಡಾಪ್ಟರ್ ಮೇಲೆ ಎಷ್ಟು ವೋಲ್ಟ್, ಎಷ್ಟು ಆಂಪಿಯರ್ ಅಂತ ಓದಿ. ಕೆಲವು 4ಜಿ ಮೊಡೆಮ್‌ಗಳು 9 ಅಥವಾ 5 ವೋಲ್ಟ್‌ನವು, 12 ಕೊಟ್ಟರೆ ಹೊಗೆ.

ಪರೀಕ್ಷೆ

ರೌಟರ್‌ನಿಂದ ಲ್ಯಾನ್ ವೈರ್ ಕಿತ್ತು "ಬದಲಾಯ್ತು, ಕೆಲಸ ಮಾಡುತ್ತೆ" ಅನ್ನುವುದು ಪರೀಕ್ಷೆಯಲ್ಲ. ನಾನೂ ಆ ಮಳೆಗೆ ಎಂಟು ತಿಂಗಳ ಮೊದಲು ಹಾಗೇ ಮಾಡಿ ನೋಡಿ ಖುಷಿಪಟ್ಟಿದ್ದು. ವೈರ್ ಕಿತ್ತರೆ ಪೋರ್ಟ್‌ನ ಲೈಟೇ ಆರುತ್ತದೆ, ಅಷ್ಟು ಯಾವ ರೌಟರ್‌ಗಾದರೂ ತಿಳಿಯುತ್ತದೆ. ಕೀಳಬೇಕಾದ್ದು ಮೊಡೆಮ್ ಹಿಂದಿನ ತೆಳ್ಳನೆ ಫೈಬರ್ ವೈರ್, ಹಸಿರು ಅಥವಾ ನೀಲಿ ತಲೆಯದ್ದು. ತಲೆಯನ್ನೇ ಹಿಡಿದು ನೇರವಾಗಿ ಎಳೆಯಿರಿ, ತುದಿಯನ್ನು ಬೆರಳಿಂದ ಮುಟ್ಟಬೇಡಿ, ಅದರೊಳಗೆ ಕಣ್ಣಿಟ್ಟು ನೋಡಬೇಡಿ, ಅದರ ಬೆಳಕು ಕಣ್ಣಿಗೆ ಕಾಣುವುದಿಲ್ಲ, ಆದರೆ ಇರುತ್ತದೆ. ಆಮೇಲೆ ಗಡಿಯಾರ ನೋಡಿಕೊಂಡು ಕೂರಿ.

ನಾನು ಈಗ ಪ್ರತಿ ತಿಂಗಳ ಮೊದಲ ಭಾನುವಾರ, ಅಮ್ಮನ ಪೂಜೆಯ ಹೊತ್ತಿಗೆ, ಯಾಕೆಂದರೆ ಆಗ ಟಿವಿ ಆಫ್ ಇರುತ್ತದೆ, ಅದನ್ನು ಕೀಳುತ್ತೇನೆ. ಹೋದ ತಿಂಗಳು 16 ಸೆಕೆಂಡಿಗೆ ಬದಲಾಯಿತು. ಅದರ ಹಿಂದಿನ ತಿಂಗಳು ಬದಲಾಗಲೇ ಇಲ್ಲ. ಸಿಮ್‌ನ ರೀಚಾರ್ಜ್ ಮೂರು ದಿನ ಮೊದಲೇ ಮುಗಿದಿತ್ತು.